ಯಾರೂ ಅಲ್ಲಗಳೆಯದ ಲೆಕ್ಕ

ಸಿವಿಲ್ ಪ್ರಕ್ರಿಯಾ ಸಂಹಿತೆಯ ಎಂಟನೇ ಆರ್ಡರಿನಲ್ಲಿ ಒಂದು ನಿಯಮವಿದೆ. ವಾದಿ ಹೇಳಿದ ಒಂದೊಂದು ಸಂಗತಿಯನ್ನೂ ಪ್ರತಿವಾದಿ ನೇರವಾಗಿ ಅಲ್ಲಗಳೆಯಬೇಕು. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಉತ್ತರಿಸಿದರೆ, ಅಥವಾ ಆ ಸಂಗತಿಯ ಗೊಡವೆಗೇ ಹೋಗದೆ ಬಿಟ್ಟರೆ, ಅದನ್ನು ಒಪ್ಪಿಕೊಂಡಂತೆ ಎಂದು ಕೋರ್ಟು ತಿಳಿಯುತ್ತದೆ. ನಾನು ಜೂನಿಯರ್ ಆಗಿ ಸೇರಿದ ವಾರವೇ ನಮ್ಮ ಸೀನಿಯರ್ ಇದನ್ನು ಬಾಯಿಪಾಠ ಮಾಡಿಸಿದ್ದರು.

ಎರಡು ತಿಂಗಳ ಹಿಂದೆ ಇದೇ ಪತ್ರಿಕೆಯಲ್ಲಿ ನಾನೊಂದು ಲೇಖನ ಬರೆದಿದ್ದೆ. ನಲವತ್ತು ದಾಟಿದ ವಕೀಲನೊಬ್ಬ ಬೆಂಗಳೂರಿನ ಖರ್ಚು ತಾಳಲಾರದೆ ಧಾರವಾಡದಂಥ ಊರಿಗೆ ಬಂದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ ಎಂಬುದಷ್ಟೇ ಅದರ ಸಾರ. ನಾನೇ ಹಾಗೆ ಬಂದವನು. ಹದಿನೇಳು ವರ್ಷ ಸಿಟಿ ಸಿವಿಲ್ ಕೋರ್ಟಿನ ಮೆಟ್ಟಿಲು ಹತ್ತಿ ಇಳಿದು, ಈಗ ಮೂರನೇ ವರ್ಷ ಇಲ್ಲಿದ್ದೇನೆ. ಲೇಖನದ ಜೊತೆಗೆ ನನ್ನ ಮನೆಯ ಮತ್ತು ಆಫೀಸಿನ ಲೆಕ್ಕವನ್ನೂ ಕೊಟ್ಟಿದ್ದೆ. ಉತ್ತರವಾಗಿ ಐದು ಪತ್ರಗಳು ಬಂದವು. ಒಂದು ನಾಲ್ಕು ಪುಟದ್ದು. ಐದರಲ್ಲಿ ನಾಲ್ಕು ಪತ್ರಗಳು ನನ್ನ ಮನೋಧರ್ಮ, ನನ್ನ ಮಕ್ಕಳ ಭವಿಷ್ಯ, ನನ್ನ ಹೆಂಡತಿಯ ಇಷ್ಟಾನಿಷ್ಟಗಳ ಬಗ್ಗೆ ಧಾರಾಳವಾಗಿ ಮಾತಾಡಿವೆ. ಲೆಕ್ಕದ ಅಂಕಿಗಳನ್ನು ಮಾತ್ರ ಒಂದೂ ಅಲ್ಲಗಳೆದಿಲ್ಲ. ಆದರೂ ಸೌಜನ್ಯಕ್ಕಾಗಿ ಒಂದೊಂದಾಗಿ ಉತ್ತರಿಸುತ್ತೇನೆ.

"ಇದು ಸೋತವರ ಮಾತು" ಎಂದಿದ್ದಾರೆ ನಾಲ್ಕು ಪುಟ ಬರೆದ ಹಿರಿಯರು. ಇದಕ್ಕೆ ಹೆಚ್ಚು ಶಾಯಿ ಬೇಕಿಲ್ಲ. ಹಾಸನದಿಂದ ಬೆಂಗಳೂರಿಗೆ ಬಂದರೆ ಏಳಿಗೆ, ಬೆಂಗಳೂರಿನಿಂದ ದೆಹಲಿಗೆ ಹೋದರೆ ಇನ್ನೂ ದೊಡ್ಡ ಏಳಿಗೆ, ಬೆಂಗಳೂರಿನಿಂದ ಧಾರವಾಡಕ್ಕೆ ಹೋದರೆ ಸೋಲು. ಅಂದರೆ ಸೋಲು ಗೆಲುವನ್ನು ತೀರ್ಮಾನಿಸುವುದು ವಕೀಲನ ಕೆಲಸವಲ್ಲ, ಅವನು ಹತ್ತಿದ ರೈಲಿನ ದಿಕ್ಕು. ಇದೇ ಹಿರಿಯರು ಪತ್ರದ ಕೊನೆಯಲ್ಲಿ, ತಾವೂ ಊರ ಕಡೆ ಎರಡು ಎಕರೆ ಅಡಿಕೆ ತೋಟ ಮಾಡಿಟ್ಟಿರುವುದಾಗಿ, "ಇನ್ನೊಂದೆಂಟು ವರ್ಷ ದುಡಿದು" ಅಲ್ಲಿಗೆ ಹೋಗಿ ನೆಮ್ಮದಿಯಾಗಿ ಇದ್ದುಬಿಡುವುದಾಗಿ ಬರೆದಿದ್ದಾರೆ. ನಲವತ್ತಮೂರಕ್ಕೆ ಹೋದರೆ ಪಲಾಯನ, ಅರವತ್ತೆರಡಕ್ಕೆ ಹೋದರೆ ವಾನಪ್ರಸ್ಥ. ತೋಟಕ್ಕೆ ನನ್ನ ಶುಭಾಶಯಗಳು.

ಇನ್ನೊಬ್ಬರ ವಾದಕ್ಕೆ ತೂಕವಿದೆ, ಕಡೇಪಕ್ಷ ಮೇಲ್ನೋಟಕ್ಕೆ. "ಸಣ್ಣ ಊರಿನಲ್ಲಿ ಖರ್ಚು ಕಮ್ಮಿ ನಿಜ, ಆದರೆ ಫೀಸೂ ಕಮ್ಮಿ. ಅಲ್ಲಿಗೆ ಲೆಕ್ಕ ಸರಿಹೋಯಿತಲ್ಲ?" ಎರಡೂ ಕಮ್ಮಿ ಎಂದ ಮಾತ್ರಕ್ಕೆ ಎರಡೂ ಒಂದೇ ಪ್ರಮಾಣದಲ್ಲಿ ಕಮ್ಮಿ ಎಂದು ಇವರಿಗೆ ಹೇಳಿದವರು ಯಾರು? ಹಾಗಿದೆಯೋ ಇಲ್ಲವೋ ಎಂದು ನೋಡಲೆಂದೇ ಲೆಕ್ಕ ಕೊಟ್ಟಿದ್ದೆ. ಓದದವರಿಗಾಗಿ ಮತ್ತೊಮ್ಮೆ ಕೊಡುತ್ತೇನೆ.

ಬೆಂಗಳೂರಿನ ಕೊನೆಯ ವರ್ಷ ತಿಂಗಳಿಗೆ ಸರಾಸರಿ 2,10,000 ರೂಪಾಯಿ ಫೀಸು ಬರುತ್ತಿತ್ತು. ಬನಶಂಕರಿ ಮೂರನೇ ಹಂತದ ಮನೆ ಬಾಡಿಗೆ 42,000. ಗಾಂಧಿನಗರದಲ್ಲಿ, ಕೆಳಗೆ ಸೀರೆ ಅಂಗಡಿ, ಮೇಲೆ ನಮ್ಮ ಆಫೀಸು. ಅದರ ಬಾಡಿಗೆ, ಕರೆಂಟು ಸೇರಿ 28,000. ಇಬ್ಬರು ಜೂನಿಯರುಗಳು ಮತ್ತು ಒಬ್ಬ ಗುಮಾಸ್ತ, 45,000. ಮಕ್ಕಳಿಬ್ಬರ ಶಾಲೆ, ವ್ಯಾನು, 34,000. ಕಾರು, ಪೆಟ್ರೋಲು, ಪಾರ್ಕಿಂಗು 16,000. ಮನೆಖರ್ಚು 38,000. ಕೂಡಿಸಿ ನೋಡಿ: 2,03,000. ಉಳಿದದ್ದು ಏಳು ಸಾವಿರ. ಎರಡು ಲಕ್ಷ ದುಡಿಯುವ ವಕೀಲ ಎಂದು ನೆಂಟರು ಹೆಮ್ಮೆಪಡುತ್ತಿದ್ದರು. ಆ ಹೆಮ್ಮೆಯ ನಿಜವಾದ ಫಲಾನುಭವಿಗಳು ಇಬ್ಬರು ಕಟ್ಟಡ ಮಾಲೀಕರು ಮತ್ತು ಒಂದು ಪೆಟ್ರೋಲ್ ಬಂಕು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎನ್ನುವ ಮಾತು ನಮ್ಮ ಕಪ್ಪು ಕೋಟಿನವರಿಗೆ ಸರಿಯಾಗಿ ಹೊಂದುತ್ತದೆ.

ಧಾರವಾಡದ ಎರಡನೇ ವರ್ಷದ ಸರಾಸರಿ ಫೀಸು 1,25,000. ಮಾಳಮಡ್ಡಿಯ ಮನೆಗೆ 14,000, ಆಫೀಸಿಗೆ 7,000, ಒಬ್ಬ ಜೂನಿಯರ್ ಮತ್ತು ಗುಮಾಸ್ತನಿಗೆ 24,000, ಶಾಲೆಗೆ 14,000, ಗಾಡಿಗೆ 7,000, ಮನೆಖರ್ಚಿಗೆ 26,000. ಒಟ್ಟು 92,000. ಉಳಿದದ್ದು 33,000. ಹೆಂಡತಿಯ ಸಂಬಳವನ್ನು ಎರಡೂ ಕಡೆ ಬಿಟ್ಟಿದ್ದೇನೆ. ಫೀಸು ನೂರಕ್ಕೆ ನಲವತ್ತರಷ್ಟು ಇಳಿಯಿತು, ಉಳಿಕೆ ನಾಲ್ಕು ಪಟ್ಟು ದಾಟಿತು. "ಲೆಕ್ಕ ಸರಿಹೋಯಿತು" ಎನ್ನುವವರು ಯಾವ ಶಾಲೆಯಲ್ಲಿ ಗಣಿತ ಕಲಿತರೋ. ತಿಂಗಳಿಗೆ 34,000 ಕೊಟ್ಟ ಶಾಲೆ ಇರಲಾರದು ಅಂದುಕೊಂಡಿದ್ದೇನೆ.

"ಎರಡನೇ ವರ್ಷದ ಲೆಕ್ಕ ಕೊಟ್ಟು ಮೊದಲ ವರ್ಷದ್ದನ್ನು ಮುಚ್ಚಿಟ್ಟಿದ್ದಾರೆ" ಎಂದೂ ಅದೇ ಪತ್ರ ಆರೋಪಿಸುತ್ತದೆ. ಮುಚ್ಚಿಟ್ಟಿಲ್ಲ, ಮೂರನೇ ಪ್ಯಾರಾದಲ್ಲೇ ಇತ್ತು. ಮೊದಲ ವರ್ಷ ತಿಂಗಳಿಗೆ ಸರಾಸರಿ 70,000 ಬಂತು, 22,000 ಕೈಯಿಂದ ಬಿತ್ತು. ವರ್ಷಕ್ಕೆ 2,64,000. ಆ ದುಡ್ಡು ಎಲ್ಲಿಂದ ಬಂತು ಎಂಬುದೇ ಈ ಕಥೆಯ ಸ್ವಾರಸ್ಯ. ಬೆಂಗಳೂರಿನ ಪದ್ಧತಿಯಂತೆ ಮನೆಗೆ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟಿದ್ದೆ. ಸೇರಿದಾಗ ಬಾಡಿಗೆ 35,000 ಇತ್ತು, ಅಡ್ವಾನ್ಸು ಮೂರೂವರೆ ಲಕ್ಷ. ಬಿಡುವಾಗ ಮಾಲೀಕರು ಗೋಡೆಯನ್ನು ಒಂದು ಸಲ ನೋಡಿ, ಬಣ್ಣ ಬಳಿಸಬೇಕೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಂಡು 3,08,000 ವಾಪಸ್ ಕೊಟ್ಟರು. ನಾಲ್ಕು ವರ್ಷ ಬಡ್ಡಿಯಿಲ್ಲದೆ ಅವರ ಬಳಿ ಮಲಗಿದ್ದ ನನ್ನದೇ ದುಡ್ಡು ಧಾರವಾಡದಲ್ಲಿ ನನ್ನನ್ನು ಒಂದು ವರ್ಷ ಸಾಕಿ, ಮೇಲೆ 44,000 ಉಳಿಸಿತು. ಬೆಂಗಳೂರು ಬಿಡಲು ಬೇಕಾದ ಬಂಡವಾಳ ಬೆಂಗಳೂರಿನ ಮನೆ ಮಾಲೀಕರ ಬೀರುವಿನಲ್ಲೇ ಇರುತ್ತದೆ. ಬಿಡುವವರೆಗೆ ಅದು ನಮ್ಮ ಕೈಗೆ ಸಿಗುವುದಿಲ್ಲ, ಅಷ್ಟೇ.

ಮುಂದಿನದು ನನ್ನ ಜೊತೆ ಓದಿದ ಗೆಳೆಯನ ಪತ್ರ. ಎರಡನೇ ಪ್ಯಾರಾದಲ್ಲಿ ಹೇಳುತ್ತಾನೆ: "ಧಾರವಾಡದಲ್ಲಿ ಕೆಲಸವೇ ಇಲ್ಲ." ಐದನೇ ಪ್ಯಾರಾದಲ್ಲಿ ಹೇಳುತ್ತಾನೆ: "ಇರುವ ಕೆಲಸವನ್ನೆಲ್ಲ ಅಲ್ಲಿನ ಹಳೆಯ ಆಫೀಸುಗಳು ಹಿಡಿದುಕೊಂಡಿವೆ, ಹೊರಗಿನವನಿಗೆ ಸಿಗುವುದಿಲ್ಲ." ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುತ್ತಾರೆ, ಇಲ್ಲಿ ಎತ್ತೂ ಕೋಣವೂ ಒಬ್ಬನೇ. ಕೆಲಸವೇ ಇಲ್ಲದ ಊರಿನಲ್ಲಿ ಆ ಹಳೆಯ ಆಫೀಸುಗಳು ಹಿಡಿದುಕೊಂಡು ಕೂತಿರುವುದು ಏನನ್ನು? ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲು ಅವನಿಗೆ ಸಮಯ ಕೊಡಬಹುದಿತ್ತು, ಆದರೆ ಎರಡೂ ತಪ್ಪಾಗಿರುವುದರಿಂದ ಆ ಶ್ರಮ ಬೇಡ.

ಕೆಲಸ ಇದೆಯೋ ಇಲ್ಲವೋ ಎಂಬುದು ಅಭಿಪ್ರಾಯದ ಮಾತಲ್ಲ. 2008ರ ಜುಲೈವರೆಗೆ ಬೆಳಗಾವಿಯ ರೈತನೂ ಕಾರವಾರದ ಮೀನುಗಾರನೂ ಹೈಕೋರ್ಟಿಗೆ ಬೆಂಗಳೂರಿಗೇ ಬರಬೇಕಿತ್ತು. ರಾತ್ರಿ ಬಸ್ಸು ಹತ್ತಿ, ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಮುಖ ತೊಳೆದು, ಹತ್ತೂವರೆಗೆ ಅಠಾರ ಕಚೇರಿಯ ಮುಂದೆ ನಿಲ್ಲುತ್ತಿದ್ದವರನ್ನು ನಾವೆಲ್ಲ ನೋಡಿದ್ದೇವೆ. ಉತ್ತರ ಕರ್ನಾಟಕದ ವಕೀಲರ ದೀರ್ಘ ಹೋರಾಟದ ನಂತರ ಆ ವರ್ಷ ಧಾರವಾಡ ಮತ್ತು ಕಲಬುರಗಿಯಲ್ಲಿ ಸಂಚಾರಿ ಪೀಠಗಳು ಬಂದವು; 2013ರ ಆಗಸ್ಟಿನಲ್ಲಿ ಅವು ಕಾಯಂ ಆದವು. ಧಾರವಾಡ ಪೀಠದ ವ್ಯಾಪ್ತಿಯಲ್ಲಿ ಬೆಳಗಾವಿ, ಬಾಗಲಕೋಟೆ, ಧಾರವಾಡ, ಗದಗ, ಹಾವೇರಿ, ಉತ್ತರ ಕನ್ನಡ, ಕೊಪ್ಪಳ, ಬಳ್ಳಾರಿ, 2021ರಲ್ಲಿ ಬಳ್ಳಾರಿಯಿಂದ ಬೇರೆಯಾದ ವಿಜಯನಗರ. ಇಷ್ಟು ಜಿಲ್ಲೆಗಳ ಮೇಲ್ಮನವಿಗಳು ಎಲ್ಲಿಗೆ ಬರುತ್ತವೆ ಎಂದು ಗೆಳೆಯ ತಿಳಿದಿದ್ದಾನೋ ಕಾಣೆ.

"ಬರುತ್ತವೆ, ಆದರೆ ಸಣ್ಣಪುಟ್ಟವು" ಎಂಬುದು ಅವನ ಉತ್ತರ. ದೊಡ್ಡ ಕೇಸುಗಳೆಲ್ಲ ಬೆಂಗಳೂರಿನವಂತೆ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹೋದ ಬಾಗಲಕೋಟೆಯ ಜಮೀನು ಸಣ್ಣದೇ? ಕಾರವಾರದ ಸೀಬರ್ಡ್ ನೌಕಾನೆಲೆಗೆ ಭೂಮಿ ಕೊಟ್ಟವರ ಹೆಚ್ಚುವರಿ ಪರಿಹಾರದ ದಾವೆಗಳು ಪುಟ್ಟವೇ? ಬಳ್ಳಾರಿಯ ಗಣಿಗಳು, ಬೆಳಗಾವಿಯ ಸಕ್ಕರೆ ಕಾರ್ಖಾನೆಗಳು ತಗಾದೆ ಮಾಡುವುದನ್ನು ಬಿಟ್ಟಿವೆಯೇ? ಆದರೆ ನಾನು ಈ ದೊಡ್ಡ ಹೆಸರುಗಳ ಮೇಲೆ ವಾದ ನಿಲ್ಲಿಸುವುದಿಲ್ಲ. ಕೇಸಿನ ದೊಡ್ಡತನವನ್ನು ಆಸ್ತಿಯ ಬೆಲೆಯಿಂದ ಅಳೆಯುವುದು ಕೋರ್ಟ್ ಫೀ ಕಟ್ಟಿಸಿಕೊಳ್ಳುವ ಶಿರಸ್ತೇದಾರರ ಕೆಲಸ. ವಕೀಲ ಅಳೆಯಬೇಕಾದದ್ದು ಅದರಲ್ಲಿರುವ ಕಾನೂನನ್ನು.

ಹೋದ ವರ್ಷ ಮಲಪ್ರಭಾ ದಂಡೆಯ ಹಳ್ಳಿಯೊಂದರಿಂದ ಒಬ್ಬ ತಾಯಿ ಬಂದರು. ಗುರುತು ಸಿಗದಂತೆ ವಿವರ ಬದಲಿಸಿ ಹೇಳುತ್ತಿದ್ದೇನೆ. ರಸಗೊಬ್ಬರದ ಚೀಲ ಕತ್ತರಿಸಿ ಹೊಲಿದ ಕೈಚೀಲದಲ್ಲಿ ಕಾಗದಗಳು; ಪಹಣಿ, ಹಳೆಯ ಕೈಬರಹದ ನಕಲುಗಳು, ಒಂದು ಲಗ್ನಪತ್ರಿಕೆ. ಮದುವೆ 1991ರಲ್ಲಿ, ತಂದೆ ತೀರಿಕೊಂಡದ್ದು 1999ರಲ್ಲಿ. ನಾಲ್ಕೆಕರೆ ಹೊಲ. ಅಣ್ಣ ಹೇಳುವುದು, "ವಾಟ್ನಿ ಆಗೇತಿ, ವರ್ದಿ ಕೊಟ್ಟೇವಿ." ವಾಟ್ನಿ ಎಂದರೆ ಬಾಯಿಮಾತಿನ ಪಾಲು, ವರ್ದಿ ಎಂದರೆ ಅದನ್ನು ಊರಿನ ತಲಾಠಿಗೆ ತಿಳಿಸಿ ಖಾತೆ ಬದಲಿಸಿಕೊಳ್ಳುವುದು. ಹದಿನೇಳು ವರ್ಷ ಬೆಂಗಳೂರಿನಲ್ಲಿ ಸಿವಿಲ್ ಪ್ರಾಕ್ಟೀಸು ಮಾಡಿದ ನನಗೆ ಈ ಎರಡು ಪದಗಳು ಗೊತ್ತಿರಲಿಲ್ಲ ಎಂದು ನಾಚಿಕೆಯಿಲ್ಲದೆ ಒಪ್ಪಿಕೊಳ್ಳುತ್ತೇನೆ.

ಈಗ ಕಾನೂನು ನೋಡಿ. ಕರ್ನಾಟಕದ 1994ರ ತಿದ್ದುಪಡಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದ ಪಾಲು ಕೊಟ್ಟಿತು, ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. ಈ ತಾಯಿ ಹೊರಗೆ. 2005ರ ಸೆಪ್ಟೆಂಬರ್ 9ರಿಂದ ಜಾರಿಯಾದ ಕೇಂದ್ರದ ತಿದ್ದುಪಡಿ ಆ ಭೇದವನ್ನು ತೆಗೆಯಿತು. ಆದರೆ ತಂದೆ ಅಷ್ಟರಲ್ಲಿ ತೀರಿಕೊಂಡಿದ್ದರಲ್ಲ? 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ತಂದೆ ಆ ದಿನ ಬದುಕಿರಬೇಕಾಗಿಲ್ಲ ಎಂದಿತು. ಈ ತಾಯಿ ಮತ್ತೆ ಒಳಗೆ. ಆದರೆ ಅದೇ ತೀರ್ಪು, ಬಾಯಿಮಾತಿನ ಪಾಲನ್ನು ಸಾಮಾನ್ಯವಾಗಿ ನಂಬಬಾರದು, ಸಾರ್ವಜನಿಕ ದಾಖಲೆಗಳ ಬಲವಿರುವ ಅಪರೂಪದ ಸಂದರ್ಭದಲ್ಲಿ ಮಾತ್ರ ನಂಬಬಹುದು ಎಂದೂ ಹೇಳಿದೆ. ಹಾಗಾದರೆ ತಲಾಠಿಯ ಪುಸ್ತಕದಲ್ಲಿರುವ ಆ ನಾಲ್ಕು ಸಾಲಿನ ವರ್ದಿ ಅಂಥ ದಾಖಲೆಯೇ? ಅದರ ಮೇಲೆ ಇವರ ಹೆಬ್ಬೆಟ್ಟು ಇಲ್ಲದಿದ್ದರೆ? ನಾಲ್ಕೆಕರೆ ಹೊಲದಲ್ಲಿ ಎರಡು ಶಾಸನ, ಮೂರು ನ್ಯಾಯಮೂರ್ತಿಗಳ ಒಂದು ತೀರ್ಪು, ಸಾಕ್ಷ್ಯದ ಕಾಯ್ದೆ ಎಲ್ಲ ಅಡಗಿ ಕೂತಿವೆ. ಬೆಂಗಳೂರಿನಲ್ಲಿ ನಾನು ನಡೆಸಿದ "ದೊಡ್ಡ" ಕೇಸುಗಳಲ್ಲಿ ಅರ್ಧಕ್ಕರ್ಧ, ಕಟ್ಟಿಸುವವನು ಫ್ಲಾಟು ಕೊಡಲಿಲ್ಲ ಎಂಬ ಒಂದೇ ಸಾಲಿನ ತಗಾದೆಗಳು. ಬೆಲೆ ಮಾತ್ರ ಕೋಟಿ.

ವಿಡಿಯೋ ಕಾನ್ಫರೆನ್ಸಿನ ವಾದವನ್ನು ತಂದವರು ಒಂದು ಕಂಪನಿಯ ಕಾನೂನು ವಿಭಾಗದಲ್ಲಿರುವ ಮಿತ್ರರು. "ಈಗ ಎಲ್ಲ ಆನ್‌ಲೈನ್. ಧಾರವಾಡದ ಕೇಸನ್ನು ಬೆಂಗಳೂರಿನಲ್ಲೇ ಕೂತು ವಾದಿಸಬಹುದು. ಊರು ಬಿಡುವ ಪ್ರಮೇಯವೇ ಇಲ್ಲ." ವಾಹ್. ಯಾವ ಹೈಕೋರ್ಟೂ ವಿಡಿಯೋ ಮೂಲಕ ಹಾಜರಾಗುವ ಅವಕಾಶವನ್ನು ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2023ರ ಅಕ್ಟೋಬರಿನಲ್ಲಿ ಹೇಳಿದ್ದು ನಿಜ. ಆದರೆ ಆ ತಂತಿಗೆ ಎರಡು ತುದಿ ಇದೆ. ಬೆಂಗಳೂರಿನಲ್ಲಿ ಕೂತು ಧಾರವಾಡದಲ್ಲಿ ವಾದಿಸಬಹುದಾದರೆ, ಧಾರವಾಡದಲ್ಲಿ ಕೂತು ಬೆಂಗಳೂರಿನಲ್ಲೂ ವಾದಿಸಬಹುದು. ಎರಡು ಕುರ್ಚಿಗಳ ನಡುವೆ ಇರುವ ವ್ಯತ್ಯಾಸ ಕುರ್ಚಿಯ ಕೆಳಗಿನ ನೆಲದ ಬಾಡಿಗೆ. ನನ್ನ ವಾದಕ್ಕೆ ಇದಕ್ಕಿಂತ ಒಳ್ಳೆಯ ಬೆಂಬಲವನ್ನು ನಾನೇ ಹುಡುಕಿದರೂ ಸಿಗುತ್ತಿರಲಿಲ್ಲ, ಮಿತ್ರರಿಗೆ ಕೃತಜ್ಞತೆಗಳು.

ಇದೇ ಮಿತ್ರರ ಇನ್ನೊಂದು ಮಾತನ್ನು ಒಪ್ಪುತ್ತೇನೆ. ಕಂಪನಿ ಕಾನೂನು ನ್ಯಾಯಮಂಡಳಿ ಇರುವುದು ಬೆಂಗಳೂರಿನಲ್ಲಿ. ದಿವಾಳಿ ಸಂಹಿತೆಯನ್ನೇ ನಂಬಿಕೊಂಡು ಬದುಕುವ ವಕೀಲ ನನ್ನ ಲೇಖನ ಓದಿ ಗಂಟುಮೂಟೆ ಕಟ್ಟಿದರೆ ಅದು ಅವನ ತಪ್ಪು. ನಾನು ಬರೆದದ್ದು ದಾವೆ, ಮೇಲ್ಮನವಿ, ರಿಟ್, ಮೋಟಾರು ಅಪಘಾತದ ಪರಿಹಾರ ಇವುಗಳ ಮೇಲೆ ನಿಂತ ವಕೀಲರನ್ನು ಕುರಿತು. ಈ ರಾಜ್ಯದ ವಕೀಲರಲ್ಲಿ ಬಹುಪಾಲು ಅವರೇ ಎಂಬುದು ಕಂಪನಿಯ ಎಂಟನೇ ಮಹಡಿಯಿಂದ ಕಾಣುವುದಿಲ್ಲ.

"ಸೀನಿಯರ್ ಪದನಾಮವನ್ನೂ ನ್ಯಾಯಮೂರ್ತಿಯಾಗುವ ಅವಕಾಶವನ್ನೂ ಕೈಯಾರೆ ಚೆಲ್ಲಿಕೊಂಡಿರಿ" ಎಂಬುದು ಹಿರಿಯರ ಎರಡನೇ ಪುಟ. ಸಂವಿಧಾನದ 217ನೇ ವಿಧಿ ಕೇಳುವುದು ಹೈಕೋರ್ಟಿನಲ್ಲಿ ಹತ್ತು ವರ್ಷ ವಕೀಲಿಕೆ. ಧಾರವಾಡ ಪೀಠ ಕರ್ನಾಟಕ ಹೈಕೋರ್ಟಿನದೇ ಪೀಠ, ಅದರ ಶಾಖಾ ಅಂಚೆ ಕಚೇರಿಯಲ್ಲ. ಇಲ್ಲಿಗೆ ಬರುವ ನ್ಯಾಯಮೂರ್ತಿಗಳು ರೋಸ್ಟರಿನಂತೆ ಬೆಂಗಳೂರಿನಿಂದ ಬರುವ ಅದೇ ನ್ಯಾಯಮೂರ್ತಿಗಳು. ಅಲ್ಲಿ ಕಿಕ್ಕಿರಿದ ಹಾಲಿನ ಕೊನೆಯ ಸಾಲಿನಲ್ಲಿ ನಿಂತು "ಪಾಸ್ ಓವರ್, ಮೈ ಲಾರ್ಡ್" ಎನ್ನುವವನ ಮುಖ ಅವರಿಗೆ ನೆನಪಿರುತ್ತದೋ, ಇಲ್ಲಿ ಕುರ್ಚಿ ಸಿಕ್ಕಿ ಕೂತವನ ಮುಖವೋ? ಇನ್ನೊಂದು ಮಾತು. ಹಿರಿಯರು ವೃತ್ತಿಗೆ ಬಂದು ಮೂವತ್ತು ವರ್ಷ ದಾಟಿದೆ. ಬೆಂಗಳೂರಿನಲ್ಲೇ ಇದ್ದಾರೆ. ಅವರಿಗೆ ಪದನಾಮ ಸಿಕ್ಕಿದೆಯೇ ಎಂದು ನಾನು ಕೇಳುವುದಿಲ್ಲ; ಅವರೇ ತಂದ ವಾದಕ್ಕೆ ಅವರನ್ನೇ ಸಾಕ್ಷಿಯಾಗಿ ಕರೆಯುವುದು ಕ್ರೌರ್ಯವಾದೀತು.

ಕಾನೂನಿನ ಅಡಚಣೆ ಇದೆ ಎಂದು ಒಬ್ಬರು ಸೂಚಿಸಿದ್ದಾರೆ, ಯಾವುದು ಎಂದು ಹೇಳಿಲ್ಲ. ಇಲ್ಲದ್ದನ್ನು ಹೇಳುವುದು ಕಷ್ಟವೇ. ರಾಜ್ಯದೊಳಗೆ ಊರು ಬದಲಿಸಿದರೆ ವಕೀಲರ ಪರಿಷತ್ತಿನ ಪಟ್ಟಿಯಲ್ಲಿ ಹೆಸರು ಇದ್ದಲ್ಲೇ ಇರುತ್ತದೆ. ವಿಳಾಸ ತಿದ್ದಿಸಿ ಅಲ್ಲಿನ ವಕೀಲರ ಸಂಘದ ಸದಸ್ಯನಾದರೆ ಆಯಿತು. ರಾಜ್ಯವನ್ನೇ ಬಿಟ್ಟು ಹೋದರೂ 1961ರ ವಕೀಲರ ಕಾಯ್ದೆಯ 18ನೇ ಕಲಮು ಶುಲ್ಕವಿಲ್ಲದೆ ಹೆಸರು ವರ್ಗಾಯಿಸಿಕೊಡುತ್ತದೆ. ದೇಶದ ಯಾವ ಕೋರ್ಟಿನಲ್ಲಾದರೂ ವಕೀಲಿಕೆ ಮಾಡುವ ಹಕ್ಕು ಕೊಡುವ 30ನೇ ಕಲಮು ಐವತ್ತು ವರ್ಷ ಪುಸ್ತಕದಲ್ಲೇ ಮಲಗಿದ್ದು 2011ರ ಜೂನ್ 15ರಂದು ಎದ್ದಿತು. ಅದು ಎದ್ದ ಸುದ್ದಿ ಈ ಪತ್ರಲೇಖಕರಿಗೆ ಇನ್ನೂ ತಲುಪಿಲ್ಲವೆಂದು ಕಾಣುತ್ತದೆ.

ಮಕ್ಕಳು, ಆಸ್ಪತ್ರೆ, ಹೆಂಡತಿ. ಈ ಮೂರನ್ನು ಒಟ್ಟಿಗೆ ಮುಗಿಸುತ್ತೇನೆ. ಕರ್ನಾಟಕ ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯ, 2016ರಿಂದ ಐಐಟಿ ಇರುವ ಊರು, ಪಕ್ಕದ ಹುಬ್ಬಳ್ಳಿಯಲ್ಲಿ ರಾಜ್ಯದ ಕಾನೂನು ವಿಶ್ವವಿದ್ಯಾಲಯ. ಇಂಥ ಕಡೆ ಮಕ್ಕಳ ಓದಿನ ಬಗ್ಗೆ ಕನಿಕರಪಡುವವರಿಗೆ ಏನು ಹೇಳುವುದು? ಆಸ್ಪತ್ರೆಯ ವಿಷಯದಲ್ಲಿ ಅವರಿಗೆ ಅರ್ಧ ಅಂಕ ಕೊಡುತ್ತೇನೆ. ಕೆಲವು ಚಿಕಿತ್ಸೆಗಳಿಗೆ ಇಲ್ಲಿನವರು ಈಗಲೂ ಬೆಂಗಳೂರಿಗೆ ಹೋಗುತ್ತಾರೆ. 2023ರಿಂದ ವಂದೇ ಭಾರತ್ ಓಡುತ್ತಿರುವುದರಿಂದ ಮಧ್ಯಾಹ್ನ ಹೊರಟರೆ ರಾತ್ರಿಯ ಹೊತ್ತಿಗೆ ತಲುಪಬಹುದು ಎಂದರೆ ಅದು ಪೂರ್ತಿ ಸಮಾಧಾನವಲ್ಲ. ಒಪ್ಪಿದೆ. "ಹೆಂಡತಿಯನ್ನು ಕೇಳಿದಿರಾ?" ಎಂಬ ಪ್ರಶ್ನೆ ಮಾತ್ರ ಬೆರಗು ಹುಟ್ಟಿಸಿತು. ಬೆಂಗಳೂರಿನಲ್ಲಿ ರಾತ್ರಿ ಒಂಬತ್ತೂವರೆಗೆ ಮನೆ ಸೇರುತ್ತಿದ್ದ ಹದಿನೇಳು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದೆ ಸ್ವಾಮಿ. ಬ್ಯಾಂಕಿನಲ್ಲಿ ಹುಬ್ಬಳ್ಳಿಗೆ ವರ್ಗಾವಣೆಯ ಅರ್ಜಿ ಮೊದಲು ಬರೆದವಳು ಅವಳು. ನನ್ನ ಅನುಮತಿಯನ್ನು ಆಮೇಲೆ ಕೇಳಿದಳು.

ನಾನು ಎರಡು ಸಲ ಓದಿದ ಪತ್ರ ಒಂದೇ ಒಂದು. ಬರೆದವರು ಇಲ್ಲಿಯವರೇ ಆದ ಕಿರಿಯ ವಕೀಲೆ, ವೃತ್ತಿಗೆ ಬಂದು ಐದು ವರ್ಷ. "ಸರ್, ನಿಮ್ಮಂಥವರು ಬೆಂಗಳೂರಿನ ಅನುಭವದ ಹೆಸರು ಹೇಳಿಕೊಂಡು ಬಂದು ಕೂತರೆ ನಮ್ಮ ಪಾಲಿನ ಕೇಸುಗಳು ನಿಮ್ಮ ಕಡೆ ಹೋಗುತ್ತವೆ. ನಿಮ್ಮ ಬಾಡಿಗೆ ಉಳಿಯುತ್ತದೆ, ನಮ್ಮ ಬಾಡಿಗೆ ಯಾರು ಕಟ್ಟುತ್ತಾರೆ?" ಇದು ಉಳಿದ ನಾಲ್ಕೂ ಪತ್ರಗಳಿಗಿಂತ ಗಟ್ಟಿಯಾದ ಮಾತು. ನನ್ನ ಲೆಕ್ಕವನ್ನು ಒಪ್ಪಿಕೊಂಡು, ಅದರ ಇನ್ನೊಂದು ಕಾಲಂ ಎಲ್ಲಿ ಎಂದು ಕೇಳುತ್ತದೆ. ಉತ್ತರ ಇಷ್ಟೇ. 2008ಕ್ಕೆ ಮೊದಲು ಈ ಜಿಲ್ಲೆಗಳ ಹೈಕೋರ್ಟ್ ಕೆಲಸವೆಲ್ಲ ಬೆಂಗಳೂರಿನ ವಕೀಲರ ಪಾಲಾಗುತ್ತಿತ್ತು. ಪರದೆಯ ಮೂಲಕ ಇವತ್ತೂ ಒಂದಿಷ್ಟು ಹೋಗುತ್ತಿದೆ, ಅಲ್ಲಿಂದ ವಾದಿಸುವವನು ಇಲ್ಲಿ ಒಂದು ಚಹಾದ ದುಡ್ಡನ್ನೂ ಬಿಡುವುದಿಲ್ಲ. ನಾನು ಇಲ್ಲಿನ ಜೂನಿಯರನ್ನು ಇಟ್ಟುಕೊಂಡಿದ್ದೇನೆ, ಇಲ್ಲಿನ ಗುಮಾಸ್ತನಿಗೆ ಸಂಬಳ ಕೊಡುತ್ತೇನೆ, ನಾಲ್ಕು ಜಿಲ್ಲೆಯ ವಕೀಲರಿಂದ ಬರುವ ಮೇಲ್ಮನವಿಗಳಲ್ಲಿ ಕೆಳಕೋರ್ಟಿನವರ ಪಾಲು ತಪ್ಪಿಸುವುದಿಲ್ಲ. ಇಷ್ಟು ಹೇಳಿದ ಮೇಲೂ ಅವರ ಪ್ರಶ್ನೆ ಪೂರ್ತಿ ಸತ್ತಿಲ್ಲವೆಂದು ನನಗೆ ಗೊತ್ತು. ನನ್ನಂಥವರು ಹತ್ತು ಜನ ಬಂದರೆ ಒಂದು ಮಾತು, ಐನೂರು ಜನ ಬಂದರೆ ಬೇರೆ ಮಾತು. ಆದರೆ ಉಳಿದ ನಾಲ್ವರ ಪ್ರಕಾರ ಇಲ್ಲಿಗೆ ಯಾವ ಬುದ್ಧಿವಂತನೂ ಬರುವುದಿಲ್ಲವಲ್ಲ, ಆ ಧೈರ್ಯ ಅವರಿಗಿರಲಿ.

ಇನ್ನು ಉಳಿದದ್ದು ನಾಲ್ಕು ಪುಟಗಳ ಕೊನೆಯ ಬಾಣ: "ಖರ್ಚೇ ವಕೀಲನನ್ನು ಬೆಳೆಸುತ್ತದೆ. ತಿಂಗಳ ಕೊನೆಗೆ ಕಟ್ಟಬೇಕಾದ ಬಾಡಿಗೆ ಇದ್ದರೆ ಮಾತ್ರ ಹಸಿವು ಇರುತ್ತದೆ, ಹಸಿವಿದ್ದರೆ ಕೆಲಸ ಚುರುಕಾಗುತ್ತದೆ." ಈ ಒಂದು ವಾಕ್ಯಕ್ಕಾಗಿಯೇ ನಾನು ಪ್ರತ್ಯುತ್ತರ ಬರೆಯಲು ಕೂತದ್ದು. ವಕೀಲನಿಗೆ ಹಸಿವಾದರೆ ಅವನು ತಿನ್ನುವುದು ಯಾರನ್ನು ಎಂದು ಹಿರಿಯರು ಯೋಚಿಸಿದಂತಿಲ್ಲ.

ನನ್ನ ವಿರುದ್ಧ ನಾನೇ ಸಾಕ್ಷಿ ಹೇಳುತ್ತೇನೆ. ಬೆಂಗಳೂರಿನಲ್ಲಿ, ಅಕ್ಕಪಕ್ಕದ 30-40 ಸೈಟಿನವರಿಬ್ಬರ ನಡುವೆ ಕಾಂಪೌಂಡಿನ ಜಗಳ. ಮೂರಡಿ ಜಾಗ. ನನ್ನ ಬಳಿ ಬಂದವರು ನಿವೃತ್ತ ಮೇಷ್ಟ್ರು. ಸರ್ವೆಯವರನ್ನು ಕರೆಸಿ, ಆ ಕಡೆಯ ವಕೀಲರಿಗೆ ಒಂದು ಫೋನು ಮಾಡಿ, ಇಬ್ಬರನ್ನೂ ಕೂರಿಸಿ ಕಾಫಿ ಕುಡಿಸಿದ್ದರೆ ಮುಗಿಯುವ ಸಂಗತಿ ಅದು. ನನಗೆ ಅವತ್ತೇ ಗೊತ್ತಿತ್ತು. ಅವತ್ತು ತಿಂಗಳ 28ನೇ ತಾರೀಖು, ಆಫೀಸಿನ ಮಾಲೀಕ ನಕ್ಷತ್ರಿಕನ ಹಾಗೆ ಎರಡು ಸಲ ಮೆಟ್ಟಿಲು ಹತ್ತಿ ಬಂದು ಹೋಗಿದ್ದರು. ಮೇಷ್ಟ್ರಿಗೆ "ಪ್ರತಿಬಂಧಕಾಜ್ಞೆಗೆ ದಾವೆ ಹಾಕೋಣ" ಎಂದೆ. ಮುಂಗಡ ಫೀಸು ತಗೊಂಡೆ. ದಾವೆ ಒಂಬತ್ತು ವರ್ಷ ನಡೆಯಿತು. ನಾವೇ ಗೆದ್ದೆವು. ಡಿಕ್ರಿಯ ನಕಲು ತಗೊಳ್ಳಲು ಬಂದವರು ಮೇಷ್ಟ್ರ ಮಗ. ಮೇಷ್ಟ್ರು ಅದಕ್ಕೆ ಎಂಟು ತಿಂಗಳು ಮುಂಚೆ ಹೋಗಿಬಿಟ್ಟಿದ್ದರು. ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆ ಕೋರ್ಟಿನ ಬಗ್ಗೆ ಇದೆ. ಇಲ್ಲಿ ಗೆದ್ದವರೇ ಸತ್ತಿದ್ದರು. ನಾನು ಕಾನೂನು ತಪ್ಪಲಿಲ್ಲ, ಸುಳ್ಳು ಹೇಳಲಿಲ್ಲ, ವಕೀಲರ ಪರಿಷತ್ತಿನ ಯಾವ ನಿಯಮವನ್ನೂ ಮುರಿಯಲಿಲ್ಲ. ಬಾಡಿಗೆ ಕಟ್ಟಿದೆ, ಅಷ್ಟೇ.

ಮಲಪ್ರಭಾ ದಂಡೆಯ ಆ ತಾಯಿ ಎರಡನೇ ಸಲ ಬಂದಾಗ, ವರ್ದಿ, ಹೆಬ್ಬೆಟ್ಟು, 2005, 2020 ಎಲ್ಲ ವಿವರಿಸಿ, ಕೇಸು ಗಟ್ಟಿಯಾಗಿದೆ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೊಲ ಬಂದ್ರ ಬರ್ಲಿ, ಹೋದ್ರ ಹೋಗ್ಲಿ ರೀ ಸಾಹೇಬ್ರ. ಅಣ್ಣ ಮಾತು ಬಿಟ್ಟಾನ್ರೀ, ಪಂಚಮಿಗೂ ಕರಿಲಿಲ್ಲ" ಅಂದರು. ಲೋಕ ಅದಾಲತ್ತಿನಲ್ಲಿ ಕೂರೋಣ ಎಂದೆ. ಅದಾಲತ್ತಿನಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟ್ ಫೀ ವಾಪಸ್ ಬರುತ್ತದೆ, ಆ ತೀರ್ಪಿನ ಮೇಲೆ ಮೇಲ್ಮನವಿ ಇಲ್ಲ. ಮೇಲ್ಮನವಿ ಇಲ್ಲ ಎಂದರೆ ವಕೀಲನಿಗೆ ಮುಂದಿನ ಹತ್ತು ವರ್ಷದ ಫೀಸೂ ಇಲ್ಲ. ಆ ಮಾತು ನನ್ನ ಬಾಯಿಂದ ಸಲೀಸಾಗಿ ಬಂತು. ನಾನು ಧಾರವಾಡದಲ್ಲಿ ದೊಡ್ಡ ಮನುಷ್ಯನಾದೆ ಎಂದು ಯಾರೂ ತಿಳಿಯಬೇಡಿ. ಅವತ್ತೂ ತಿಂಗಳ ಕೊನೆಯೇ. ಏಳು ಸಾವಿರ ಬಾಡಿಗೆ 5ನೇ ತಾರೀಖಿಗೆ ಕೊಟ್ಟಾಗಿತ್ತು. ಎರಡು ಎಕರೆಯಷ್ಟು ಬರಬೇಕಿದ್ದ ಕಡೆ ಒಂದೂಕಾಲು ಎಕರೆಗೆ ಒಪ್ಪಿ ಅಣ್ಣ ತಂಗಿ ಸಹಿ ಹಾಕಿದರು. ಅಣ್ಣನ ಕೈಯಲ್ಲಿ ಪೆನ್ನು ನಿಲ್ಲದಿದ್ದಾಗ ತಂಗಿಯೇ ಕಾಗದ ಒತ್ತಿ ಹಿಡಿದಳು.

"ಇದು ನಿಮ್ಮೊಬ್ಬರ ಕಥೆ, ಇದರಿಂದ ಏನು ಸಾಬೀತಾಯಿತು?" ಎಂದು ಹಿರಿಯರು ಮತ್ತೆ ಬರೆಯಬಹುದು. ನ್ಯಾಯವಾದ ಪ್ರಶ್ನೆ. ಹಾಗಾದರೆ ಅವರ ಕಥೆಯನ್ನೂ ದಾಖಲಿಸಲಿ. ಬಂದ ಫೀಸೆಷ್ಟು, ಕೊಟ್ಟ ಬಾಡಿಗೆಯೆಷ್ಟು, ಉಳಿದದ್ದೆಷ್ಟು, ಎಷ್ಟು ಜನರಿಗೆ "ಕೇಸು ಹಾಕಬೇಡಿ, ಮಾತಾಡಿ ಬಗೆಹರಿಸಿಕೊಳ್ಳಿ" ಎಂದು ಹೇಳಿ ಬರಿಗೈಯಲ್ಲಿ ಕಳಿಸಿದರು. ಮೂರು ಅಂಕಿ, ಒಂದು ಎಣಿಕೆ. ಲಿಖಿತ ಹೇಳಿಕೆಗೆ ಸಂಹಿತೆ ಕೊಡುವುದು ಮೂವತ್ತು ದಿನ. ಕಾರಣ ತೋರಿಸಿದರೆ ತೊಂಬತ್ತರವರೆಗೆ. ನನ್ನ ಮೊದಲ ಲೇಖನ ಪ್ರಕಟವಾದ ದಿನದಿಂದ ಎಣಿಸಿದರೆ ಅವರಿಗೆ ಇನ್ನೂ ಮೂರು ವಾರ ಬಾಕಿ ಇದೆ. ಅಷ್ಟರೊಳಗೆ ಆಗದಿದ್ದರೆ ವಿಳಂಬ ಮನ್ನಾ ಅರ್ಜಿಯ ಜೊತೆ ಬರಲಿ, ನಾನು ತಕರಾರು ಹಾಕುವುದಿಲ್ಲ.